ಅನುಮತಿಸಿದವನು ಕರ್ತೃವಲ್ಲ

ಕನ್ನಡ ಶಾಲೆಗಳಲ್ಲಿ ಓದಿದ ಅನೇಕರಿಗೆ ಎರಡು ಮಾತುಗಳು ಕಂಠಪಾಠವಾಗಿವೆ: ಕನ್ನಡದ ಮೊದಲ ಕೃತಿ ಕವಿರಾಜಮಾರ್ಗ, ಅದನ್ನು ರಚಿಸಿದವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ. ಪರೀಕ್ಷೆಯಲ್ಲಿ ಇವಕ್ಕೆ ಪೂರ್ಣ ಅಂಕ. ಆದರೆ ಇವೆರಡನ್ನೂ ಪ್ರಶ್ನಿಸುವ ಮೊದಲ ಸಾಕ್ಷಿ ಸ್ವತಃ ಕವಿರಾಜಮಾರ್ಗವೇ.

ಉಪಲಬ್ಧ ಕೃತಿಗಳಲ್ಲಿ ಇದು ಅತ್ಯಂತ ಹಳೆಯದು ನಿಜ. ಕಾಲ ಸುಮಾರು ಕ್ರಿ.ಶ. 850. ಆದರೆ 'ಉಪಲಬ್ಧ' ಎಂಬ ಪದವನ್ನು ಕೈಬಿಟ್ಟರೆ ಸತ್ಯವೇ ಕೈಬಿಟ್ಟುಹೋಗುತ್ತದೆ. ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಗ್ರಂಥವೇ ಹೆಸರಿಸುತ್ತದೆ. ಚತ್ತಾಣ, ಬೆದಂಡೆ ಎಂಬ ಕಾವ್ಯಪ್ರಕಾರಗಳನ್ನೂ ಹೇಳುತ್ತದೆ. ಲಕ್ಷ್ಯವಿಲ್ಲದೆ ಲಕ್ಷಣ ಹುಟ್ಟದು. ಕಾವ್ಯದ ಗುಣದೋಷಗಳನ್ನು ವಿವೇಚಿಸುವ ಶಾಸ್ತ್ರಗ್ರಂಥವೊಂದು ಸಾಹಿತ್ಯದ ಆರಂಭಬಿಂದುವಾಗುವುದು ಹೇಗೆ?

ಇನ್ನು ಕರ್ತೃತ್ವ. ಗ್ರಂಥವು ತನ್ನನ್ನು 'ನೃಪತುಂಗದೇವಾನುಮತ' ಎಂದು ಕರೆದುಕೊಳ್ಳುತ್ತದೆ. ಅನುಮತವೆಂದರೆ ಒಪ್ಪಿತವಾದದ್ದು, ರಚಿತವಾದದ್ದಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ 'ಕವಿಮಾರ್ಗ'ವನ್ನು ಸ್ಮರಿಸುವಾಗ ಹೇಳುವುದು ಶ್ರೀವಿಜಯನ ಹೆಸರನ್ನು, ಅರಸನದನ್ನಲ್ಲ. 1898ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕೆ.ಬಿ. ಪಾಠಕರು ನೃಪತುಂಗನನ್ನೇ ಕರ್ತೃವೆಂದರು. ಅನಂತರದ ವಿದ್ವಾಂಸರಲ್ಲಿ ಬಹುಮಂದಿ ಶ್ರೀವಿಜಯನ ಪಕ್ಷಕ್ಕೆ ವಾಲಿದರು. ಹಿಂದಿನ ಕವಿಗಳ ಪಟ್ಟಿಯಲ್ಲಿಯೂ ಶ್ರೀವಿಜಯನ ಹೆಸರಿರುವುದರಿಂದ ವಾದಕ್ಕೆ ಅವಕಾಶವುಂಟು. ಇರಲಿ, ವಾದವಿದೆ ಎಂಬುದನ್ನೇ ಮಕ್ಕಳಿಂದ ಮುಚ್ಚಿಡುವುದು ಯಾವ ವಿದ್ಯೆ?

ಇದರಿಂದ ನೃಪತುಂಗನ ಕೀರ್ತಿಗೇನೂ ಕುಂದಿಲ್ಲ. ಸಂಸ್ಕೃತದ ಪ್ರಶ್ನೋತ್ತರರತ್ನಮಾಲಿಕೆ ಅವನದೆಂಬ ಪ್ರತೀತಿಯಿದೆ. ದೇಶಭಾಷೆಯ ಲಕ್ಷಣಗ್ರಂಥಕ್ಕೆ ಸಾಮ್ರಾಟನೊಬ್ಬನು ಮುದ್ರೆಯೊತ್ತಿದ್ದೇ ದೊಡ್ಡ ಮಾತು. ಆಶ್ರಯದಾತನಿಗೆ ಆಶ್ರಯದಾತನ ಗೌರವ ಸಲ್ಲಲಿ. ಬರೆದವನ ಹೆಸರನ್ನು ಅಳಿಸಿ ಅದನ್ನು ಕೊಡಬೇಕಾಗಿಲ್ಲ.

ಇಲ್ಲಿ ನಷ್ಟವಾಗುವುದು ಒಬ್ಬ ಕವಿಯ ಹೆಸರು ಮಾತ್ರವಲ್ಲ. ಸಿಂಹಾಸನದಲ್ಲಿರುವವನೇ ಎಲ್ಲವನ್ನೂ ಮಾಡಿದವನೆಂದು ನಂಬುವ ಅಭ್ಯಾಸ ಎಳೆಯ ಮನಸ್ಸಿನಲ್ಲಿ ಬೇರೂರುತ್ತದೆ. ಕೆರೆ ಕಟ್ಟಿಸಿದ ಅರಸನ ಹೆಸರು ಉಳಿದು ಮಣ್ಣು ಹೊತ್ತವರು ಮರೆಯಾಗುವುದೂ ಇದೇ ಅಭ್ಯಾಸದಿಂದ. ಪಠ್ಯದಲ್ಲಿ ಬೇಕಾದ ತಿದ್ದುಪಡಿ ಒಂದೆರಡು ಪದಗಳಷ್ಟೇ: 'ಮೊದಲ' ಎನ್ನುವಲ್ಲಿ 'ಉಪಲಬ್ಧ ಮೊದಲ', 'ರಚಿಸಿದ' ಎನ್ನುವಲ್ಲಿ 'ಅನುಮತಿಸಿದ'. ಅದರ ಪಕ್ಕದಲ್ಲಿ ಶ್ರೀವಿಜಯನ ಹೆಸರಿಗೆ ಒಂದಿಷ್ಟು ಜಾಗ. ಸಾವಿರ ವರ್ಷಗಳ ಹಿಂದಿನ ಗ್ರಂಥ ಪಾಲಿಸಿದ ಪ್ರಾಮಾಣಿಕತೆಯನ್ನು ಇಂದಿನ ಪಠ್ಯವೂ ಪಾಲಿಸಬೇಕು.