ವಿಶ್ವವಿದ್ಯಾನಿಲಯವೂ ಹಳ್ಳಿಯ ಪಾಠಶಾಲೆಯೂ

ವಿದ್ಯೆಯು ಕೊಟ್ಟಷ್ಟೂ ಬೆಳೆಯತಕ್ಕ ಧನವೆಂದು ಲೋಕದಲ್ಲಿ ರೂಢಿಯಾಗಿ ಹೇಳುವುದುಂಟು. ಆದರೆ ಹದವರಿಯದೆ ಬಿತ್ತಿದ ಬೀಜವು ಹೇಗೆ ಮಣ್ಣುಪಾಲಾಗುವುದೋ, ಹಾಗೆಯೇ ಕ್ರಮವರಿಯದೆ ಕೊಟ್ಟ ವಿದ್ಯೆಯು ಕೊಟ್ಟವರಿಗೂ ಪಡೆದವರಿಗೂ ಫಲವನ್ನೀಯಲಾರದು. ವಿಶ್ವವಿದ್ಯಾನಿಲಯಗಳು ತಮ್ಮ ಸುತ್ತಮುತ್ತಲಿನ ಹಳ್ಳಿಗಳಿಗೂ ಪಾಠಶಾಲೆಗಳಿಗೂ ನೆರವಾಗಬೇಕೆಂಬ ವಿಷಯದಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ಆ ನೆರವು ಎಷ್ಟು ಕಾಲ ನಿಲ್ಲತಕ್ಕದ್ದು, ವಿದ್ಯಾರ್ಥಿಗಳು ಹಿಂದಿರುಗಿದ ಮೇಲೆ ಅದರ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳು ಮಾತ್ರ ಇನ್ನೂ ಸರಿಯಾದ ಉತ್ತರವನ್ನು ಪಡೆದಿಲ್ಲ.

ಈ ಕಾರ್ಯವು ಕನ್ನಡನಾಡಿಗೆ ಹೊಸದೇನೂ ಅಲ್ಲ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು, ಕಾಲೇಜಿನ ಮೆಟ್ಟಿಲನ್ನು ಹತ್ತದ ಜನರಿಗೂ ತಿಳಿವಳಿಕೆಯು ಮುಟ್ಟಬೇಕೆಂಬ ಉದ್ದೇಶದಿಂದ ಊರೂರುಗಳಲ್ಲಿ ಕನ್ನಡದ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವುಗಳನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚುಹಾಕಿಸಿತು. ಡಾಕ್ಟರ್ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ೧೯೪೮-೪೯ರಲ್ಲಿ ಕೆಲಸ ಮಾಡಿದ ವಿಶ್ವವಿದ್ಯಾನಿಲಯ ಶಿಕ್ಷಣದ ಆಯೋಗವು ಗ್ರಾಮೀಣ ವಿಶ್ವವಿದ್ಯಾನಿಲಯಗಳ ಅಗತ್ಯವನ್ನು ಒತ್ತಿ ಹೇಳಿತು. ಹೆಬ್ಬಾಳದಲ್ಲಿ ೧೯೪೬ರಲ್ಲಿ ಆರಂಭವಾದ ವ್ಯವಸಾಯದ ಕಾಲೇಜನ್ನು ಒಳಗೊಂಡು ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಏರ್ಪಟ್ಟಾಗ, ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕರ್ತವ್ಯಗಳೂ ಅದಕ್ಕೆ ಒಟ್ಟಿಗೆ ವಹಿಸಲ್ಪಟ್ಟವು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು ರಾಷ್ಟ್ರೀಯ ಸೇವಾ ಯೋಜನೆಯು ೩೭ ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ಆಗ ಬಳ್ಳಾರಿಯ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು. ಆಮೇಲೆ ೨೦೧೪ರಲ್ಲಿ ಉನ್ನತ ಭಾರತ ಅಭಿಯಾನವು ಬಂದಿತು. ಅದರಲ್ಲಿ ಸೇರಿದ ಪ್ರತಿಯೊಂದು ವಿದ್ಯಾಸಂಸ್ಥೆಯೂ ಕಡಮೆಯೆಂದರೆ ಐದು ಹಳ್ಳಿಗಳನ್ನು ಆರಿಸಿಕೊಳ್ಳಬೇಕೆಂದು ಗೊತ್ತುಮಾಡಲಾಯಿತು.

ಕೃಷಿ ಪದವಿಯ ವಿದ್ಯಾರ್ಥಿಗಳಿಗಂತೂ ಹಳ್ಳಿಯ ವಾಸವು ಪಾಠಕ್ರಮದ ಒಂದು ಅಂಗವೇ ಆಗಿದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಐದನೆಯ ಡೀನರ ಸಮಿತಿಯು ಹಾಕಿಕೊಟ್ಟ ಕ್ರಮದಲ್ಲಿ, ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಒಟ್ಟು ೨೦ ವಾರಗಳು ಮೀಸಲಾಗಿದ್ದು, ಅವುಗಳಲ್ಲಿ ೮ ವಾರಗಳು ಹಳ್ಳಿಯ ವಾಸಕ್ಕೆ ಸಲ್ಲುತ್ತವೆ. ಈ ಕಾಲದಲ್ಲಿ ವಿದ್ಯಾರ್ಥಿಗಳು ರೈತರ ಹೊಲಗಳಿಗೆ ಹೋಗಿ ಮಣ್ಣಿನ ಮಾದರಿಯನ್ನು ತೆಗೆಯುವ ಕ್ರಮವನ್ನೂ, ಬೀಜೋಪಚಾರವನ್ನೂ, ಅಜೋಲ ಬೆಳೆಸುವುದನ್ನೂ ಮಾಡಿ ತೋರಿಸುತ್ತಾರೆ. ಊರ ನಡುವೆ ರಂಗೋಲಿಯ ಪುಡಿಯಿಂದ ಗ್ರಾಮದ ನಕ್ಷೆಯನ್ನು ಬರೆದು, ಕೆರೆ ಬಾವಿಗಳನ್ನೂ ಜಮೀನುಗಳನ್ನೂ ಗ್ರಾಮಸ್ಥರಿಂದಲೇ ಗುರುತಿಸುತ್ತಾರೆ. ಪಾಠಶಾಲೆಯ ಅಂಗಳದಲ್ಲಿ ಮಕ್ಕಳೊಡನೆ ಕೈತೋಟವನ್ನು ಹಾಕುವುದೂ ಉಂಟು.

ಇದರಿಂದ ಪ್ರಯೋಜನವಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಪಟ್ಟಣದಲ್ಲಿ ಹುಟ್ಟಿ ಬೆಳೆದ ಯುವಕನು ರಾಗಿಯ ಹೊಲದಲ್ಲಿ ಬೆನ್ನು ಬಗ್ಗಿಸಿದಾಗ, ಪುಸ್ತಕದಲ್ಲಿ ಒಂದು ಸಾಲಾಗಿದ್ದ ಕಳೆ ತೆಗೆಯುವ ಕೆಲಸವು ಎಷ್ಟು ಕೈಗಳ ಶ್ರಮವೆಂಬುದು ಅವನಿಗೆ ವೇದ್ಯವಾಗುತ್ತದೆ. ತಮ್ಮೂರಿನ ಹೆಣ್ಣುಮಕ್ಕಳಂತೆಯೇ ಇರುವ ವಿದ್ಯಾರ್ಥಿನಿಯೊಬ್ಬಳು ಕೀಟದ ಹೆಸರನ್ನೂ ಅದರ ಚರಿತ್ರೆಯನ್ನೂ ನಿಸ್ಸಂಕೋಚವಾಗಿ ಹೇಳುವುದನ್ನು ಕಂಡ ಬಾಲಕಿಗೆ, ತಾನೂ ಓದಬಹುದೆಂಬ ಧೈರ್ಯವು ಹುಟ್ಟುತ್ತದೆ. ಈ ಲಾಭಗಳನ್ನು ರೂಪಾಯಿ ಆಣೆಗಳಲ್ಲಿ ಎಣಿಸುವುದಕ್ಕಾಗುವುದಿಲ್ಲ.

ಆದರೂ ಕೈತೋಟದ ಗತಿಯನ್ನು ನೋಡಿದರೆ ಇಡೀ ಪದ್ಧತಿಯ ಕುಂದು ತಿಳಿದುಬರುತ್ತದೆ. ಶಿಬಿರದ ದಿನಗಳಲ್ಲಿ ಮಡಿಗಳನ್ನು ಮಾಡಿ ದಂಟು, ಮೆಂತ್ಯ, ಬದನೆಗಳನ್ನು ಹಾಕುತ್ತಾರೆ. ಸೊಪ್ಪು ಒಂದು ತಿಂಗಳೊಳಗೆ ಕೈಗೆ ಬಂದು, ಮಕ್ಕಳ ಮಧ್ಯಾಹ್ನದ ಸಾರಿಗೆ ಬೀಳುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಅಷ್ಟರಲ್ಲಿ ವಿದ್ಯಾರ್ಥಿಗಳ ಅವಧಿಯು ಮುಗಿದು, ಸಮಾರೋಪವಾಗಿ, ಭಾವಚಿತ್ರವನ್ನು ತೆಗೆಸಿಕೊಂಡು ಅವರು ಹೊರಟುಹೋಗುತ್ತಾರೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಪಾಠಶಾಲೆಗೆ ಬೇಸಗೆಯ ರಜ, ನೀರು ಹಾಕುವವರಿಲ್ಲ. ಬೇಲಿಯು ಸಡಿಲವಾದಲ್ಲಿ ಆಡು ಕುರಿಗಳು ನುಗ್ಗುತ್ತವೆ. ಮತ್ತೆ ಪಾಠಶಾಲೆಯ ಬಾಗಿಲು ತೆರೆಯುವ ವೇಳೆಗೆ ಒಣಗಿದ ಕಡ್ಡಿಗಳೂ, ಕಾರ್ಯಕ್ರಮದ ಹೆಸರನ್ನು ಬರೆದ ಹಲಗೆಯೂ ಮಾತ್ರ ಉಳಿದಿರುತ್ತವೆ. ಮುಂದಿನ ವರ್ಷದ ತಂಡವು ಬೇರೊಂದು ಹಳ್ಳಿಗೆ ಹೋದಲ್ಲಿ ಹಿಂದಿನ ತಪ್ಪನ್ನು ಅಲ್ಲಿ ಪುನಃ ಮೊದಲಿನಿಂದ ಮಾಡುತ್ತದೆ.

ಇಲ್ಲಿ ನಷ್ಟವಾದುದು ನಾಲ್ಕು ಮಡಿ ಸೊಪ್ಪು ಮಾತ್ರವಲ್ಲ. ತಾವು ನೆಟ್ಟ ಗಿಡವು ಒಣಗಿದ್ದನ್ನು ಕಂಡ ಮಕ್ಕಳು, ದೊಡ್ಡವರು ಹೇಳಿಕೊಡುವ ವ್ಯವಸಾಯವೆಂದರೆ ಹಬ್ಬದ ಅಲಂಕಾರದಂತೆ ನಾಲ್ಕು ದಿನದ ಮಾತೆಂದು ಕಲಿಯುತ್ತಾರೆ. ಮತ್ತೊಂದು ತಂಡವು ಬಂದಾಗ ಗ್ರಾಮಸ್ಥರು ಆದರದಿಂದ ಕೂರಿಸಿ, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಮನಸ್ಸಿನಲ್ಲಿ ಮಾತ್ರ ನಂಬಿಕೆಯನ್ನು ಇಡದೆ ಕಳುಹಿಸುತ್ತಾರೆ. ಒಮ್ಮೆ ಕಳೆದ ವಿಶ್ವಾಸವನ್ನು ಮರಳಿ ಪಡೆಯುವುದು, ಕೊಚ್ಚಿಹೋದ ಮೇಲ್ಮಣ್ಣನ್ನು ಮರಳಿ ತರುವಷ್ಟೇ ಕಷ್ಟ.

ಈ ಕುಂದನ್ನು ನೀಗಿಸುವುದಕ್ಕೆ ಬಹು ದ್ರವ್ಯವಾಗಲಿ ಹೊಸ ಕಾನೂನಾಗಲಿ ಬೇಕಾಗಿಲ್ಲ. ಮೊದಲನೆಯದಾಗಿ, ಒಂದು ಕಾಲೇಜು ಒಂದು ಪಾಠಶಾಲೆಯ ಕೈಯನ್ನು ಹಿಡಿದರೆ ಕಡಮೆಯೆಂದರೆ ಐದು ವರ್ಷ ಬಿಡಬಾರದು. ಒಂದನೆಯ ತರಗತಿಗೆ ಸೇರಿದ ಮಗುವು ಐದನೆಯ ತರಗತಿಯನ್ನು ಮುಗಿಸುವವರೆಗೆ ಅದೇ ಕಾಲೇಜಿನ ಹೆಸರನ್ನು ಕೇಳುತ್ತಿರಬೇಕು. ವಿದ್ಯಾರ್ಥಿಗಳು ಬದಲಾಗುವುದು ಅನಿವಾರ್ಯ, ಹಳ್ಳಿಯು ಬದಲಾಗಬೇಕಾಗಿಲ್ಲ.

ಎರಡನೆಯದಾಗಿ, ಪ್ರತಿ ಪಾಠಶಾಲೆಯಲ್ಲಿಯೂ ಒಂದು ದಪ್ಪ ರಟ್ಟಿನ ದಫ್ತರವಿರಬೇಕು. ಯಾವ ಮಡಿಯಲ್ಲಿ ಯಾವ ಬೀಜ ಬಿತ್ತಿದರು, ಯಾವ ತಾರೀಖಿನಲ್ಲಿ ಮೊಳೆಯಿತು, ಯಾವುದು ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ವಿದ್ಯಾರ್ಥಿಗಳೂ ಮಕ್ಕಳೂ ಕನ್ನಡದಲ್ಲಿ ಬರೆಯತಕ್ಕದ್ದು. ಈಗ ವಿದ್ಯಾರ್ಥಿಗಳು ಬರೆಯುವ ವರದಿಯು ಅಂಕಗಳಿಗಾಗಿ ಕಾಲೇಜಿಗೆ ಹೋಗುತ್ತದೆ. ಹಳ್ಳಿಯ ವಿಷಯವಾಗಿ ಬರೆದುದರ ಒಂದು ಪ್ರತಿಯು ಹಳ್ಳಿಯಲ್ಲಿಯೇ ಉಳಿಯುವುದು ನ್ಯಾಯ.

ಮೂರನೆಯದಾಗಿ, ತೋಟವನ್ನು ಬೇಸಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಬೇಕು. ನುಗ್ಗೆ, ಕರಿಬೇವು, ಪಪಾಯಿ ಮೊದಲಾದ ಬಹುಕಾಲದ ಗಿಡಗಳನ್ನು ಮಳೆಗಾಲದ ಮೊದಲಿನಲ್ಲಿಯೇ ನೆಟ್ಟು ಬೇರೂರಿಸಿದರೆ, ರಜದ ದಿನಗಳಲ್ಲಿ ಸ್ವಲ್ಪವೇ ನೀರಿನಿಂದ ಅವು ಉಳಿಯುತ್ತವೆ. ಸೊಪ್ಪಿನ ಮಡಿಗಳು ಪಾಠಶಾಲೆ ನಡೆಯುವ ತಿಂಗಳುಗಳಿಗೆ ಸಾಕು. ನೀರಿನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. ೬೦ ಮಕ್ಕಳು ಊಟದ ಅನಂತರ ಕೈ ತಟ್ಟೆಗಳನ್ನು ತೊಳೆಯಲು ತಲಾ ಒಂದೂವರೆ ಲೀಟರ್ ನೀರನ್ನು ಬಳಸಿದರೆ ದಿನಕ್ಕೆ ೯೦ ಲೀಟರ್ ಆಗುತ್ತದೆ; ಒಂದು ಚಿಕ್ಕ ಕಾಲುವೆಯನ್ನು ತೋಡಿದರೆ ಅದೆಲ್ಲವೂ ಗಿಡಗಳ ಬುಡಕ್ಕೆ ಹರಿಯುತ್ತದೆ. ೧೦೦ ಚದರ ಮೀಟರ್ ಚಾವಣಿಯ ಮೇಲೆ ೨೦ ಮಿಲಿಮೀಟರ್ ಮಳೆ ಬಿದ್ದರೆ ೨,೦೦೦ ಲೀಟರ್ ನೀರು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ ೧,೬೦೦ ಲೀಟರ್ ತೊಟ್ಟಿಗೆ ಸೇರುತ್ತದೆ. ಗುಣಾಕಾರವೂ ಮಳೆಯ ಬೆಲೆಯೂ ಒಂದೇ ಪಾಠದಲ್ಲಿ ತಿಳಿಯುವಾಗ ಮಗುವು ಎರಡನ್ನೂ ಮರೆಯುವುದಿಲ್ಲ.

ನಾಲ್ಕನೆಯದಾಗಿ, ಪಾಠಶಾಲೆಯಿಂದ ಊರಿಗೆ ಪ್ರಯೋಜನವು ಹರಿಯುವ ಕೆಲಸಗಳನ್ನು ಆರಿಸಿಕೊಳ್ಳಬೇಕು. ಬಿತ್ತನೆಗೆ ಹದಿನೈದು ದಿನ ಮುಂಚೆ ಮಕ್ಕಳು ತಮ್ಮ ಮನೆಗಳಿಂದ ಒಂದೊಂದು ಹಿಡಿ ಬೀಜವನ್ನು ತಂದು, ಅದರಲ್ಲಿ ನೂರು ಕಾಳನ್ನು ಎಣಿಸಿ, ಒದ್ದೆಯ ಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವನ್ನು ಲೆಕ್ಕಹಾಕಲಿ. ಪ್ರಮಾಣಿತ ರಾಗಿಯ ಬೀಜವು ನೂರಕ್ಕೆ ೭೫ಕ್ಕೆ ಕಡಮೆಯಿಲ್ಲದೆ ಮೊಳೆಯಬೇಕೆಂಬುದು ನಿಯಮ. ಮನೆಯ ಬೀಜವು ಐವತ್ತೇ ಮೊಳೆತರೆ, ಅದನ್ನು ಬಿಟ್ಟು ಬೇರೆ ಬೀಜವನ್ನು ತರಲು ರೈತನಿಗೆ ಇನ್ನೂ ವೇಳೆಯಿರುತ್ತದೆ. ಉಪನ್ಯಾಸಕ್ಕೆ ಕಿವಿಗೊಡದ ತಂದೆಯು ಮಗಳು ಎಣಿಸಿ ಹೇಳಿದ ಲೆಕ್ಕಕ್ಕೆ ಕಿವಿಗೊಡುವನು.

ಇದಕ್ಕೆ ಕೆಲವು ಆಕ್ಷೇಪಣೆಗಳುಂಟು. ವಿದ್ಯಾರ್ಥಿಗಳು ಕಲಿಯುವುದಕ್ಕೆ ಬಂದವರು, ಗ್ರಾಮಸೇವಕರಲ್ಲ. ಪರೀಕ್ಷೆಯನ್ನು ಬಿಟ್ಟು ಅವರು ತೋಟಕ್ಕೆ ನೀರು ಹಾಕಬೇಕೆ ಎಂದು ಕೇಳುವವರಿದ್ದಾರೆ. ನಿಜ. ಆದರೆ ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ವಿದ್ಯಾರ್ಥಿಯು ವರ್ಷಕ್ಕೆ ೧೨೦ ಗಂಟೆಗಳನ್ನು ಸೇವೆಗೆ ಕೊಡತಕ್ಕವನೇ ಆಗಿದ್ದಾನೆ. ಕಾರ್ಯಾನುಭವದ ತಂಡವು ಹಾಕಿದ ತೋಟವನ್ನು ಅದೇ ಕಾಲೇಜಿನ ಸೇವಾ ಯೋಜನೆಯ ತಂಡವು ತಿಂಗಳಿಗೊಮ್ಮೆ ನೋಡಿಬಂದರೆ ಎರಡು ಕಾರ್ಯಗಳೂ ಒಂದಕ್ಕೊಂದು ಆಸರೆಯಾಗುತ್ತವೆ. ಇಂದು ಒಂದೇ ಸಂಸ್ಥೆಯ ಈ ಕಾರ್ಯಗಳು ಬೇರೆ ಬೇರೆ ಹಳ್ಳಿಗಳಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದಂತೆ ನಡೆಯಬೇಕಾದ ಕಾರಣವೇನೂ ಇಲ್ಲ.

ಒಂದೇ ಹಳ್ಳಿಯನ್ನು ಐದು ವರ್ಷ ಹಿಡಿದರೆ ಉಳಿದ ಹಳ್ಳಿಗಳು ವಂಚಿತವಾಗುವುವಲ್ಲವೆ ಎಂಬುದು ಎರಡನೆಯ ಆಕ್ಷೇಪಣೆ. ಇದು ಹೆಚ್ಚು ತೂಕವುಳ್ಳದ್ದು. ಎಲ್ಲ ಊರಿನ ಮಕ್ಕಳಿಗೂ ಸಮಾನವಾದ ಹಕ್ಕುಂಟು. ಆದರೆ ಐದು ಹಳ್ಳಿಗಳಲ್ಲಿ ಐದು ಒಣಗಿದ ತೋಟಗಳಿಗಿಂತ ಒಂದು ಹಳ್ಳಿಯಲ್ಲಿ ನಿಂತ ತೋಟವೇ ಮೇಲು. ಏಕೆಂದರೆ ನೆರೆಯೂರಿನ ಉಪಾಧ್ಯಾಯರು ಅದನ್ನು ಕಣ್ಣಾರೆ ಕಂಡು ತಮ್ಮ ಶಾಲೆಯಲ್ಲಿ ಮಾಡಬಲ್ಲರು. ಒಣಗಿದ ತೋಟವನ್ನು ಕಂಡು ಯಾರೂ ಅನುಸರಿಸುವುದಿಲ್ಲ.

ಹೊಣೆಯೆಲ್ಲವನ್ನೂ ವಿಶ್ವವಿದ್ಯಾನಿಲಯದ ಮೇಲೆ ಹೊರಿಸುವುದೂ ತಕ್ಕುದಲ್ಲ. ಶಾಲೆಯ ಮೇಲ್ವಿಚಾರಣಾ ಸಮಿತಿಯವರು ರಜದ ಎರಡು ತಿಂಗಳು ನೀರು ಹಾಕುವ ಮನೆಗಳ ಸರದಿಯನ್ನು ಮೊದಲೇ ಬರೆದಿಡಬೇಕು. ಆ ದಿನಗಳ ಫಲವು ಆ ಮನೆಗಳಿಗೇ ಸಲ್ಲಲಿ. ಬೇಲಿಯ ಕೆಲಸವನ್ನು ಗ್ರಾಮ ಪಂಚಾಯಿತಿಯವರು ವಹಿಸಿಕೊಳ್ಳಲಿ. ತಂಡವು ಬಂದ ಮೊದಲ ದಿನವೇ, ನಮಗೆ ಬೇಕಾದುದು ಇದು, ಬೇಡವಾದುದು ಇದು ಎಂದು ಗ್ರಾಮಸ್ಥರು ಸಂಕೋಚವಿಲ್ಲದೆ ಹೇಳಲಿ. ವಿದ್ಯಾವಂತರು ಬಂದಿದ್ದಾರೆಂಬ ಮರ್ಯಾದೆಗಾಗಿ ಸುಮ್ಮನೆ ತಲೆಯಾಡಿಸುವುದು ಇಬ್ಬರಿಗೂ ಹಿತವಲ್ಲ.

ಹಳ್ಳಿಗೆ ಹೋಗುವ ವಿದ್ಯಾರ್ಥಿಯೂ ಒಂದು ಮಾತನ್ನು ನೆನಪಿನಲ್ಲಿಡಬೇಕು. ಅವನಿಗೆ ಮನೆಯಲ್ಲಿ ಸ್ಥಳಕೊಟ್ಟು, ಹೊಲವನ್ನು ತೋರಿಸಿ, ತನ್ನ ಸಾಲ ಸೋಲಗಳನ್ನೂ ಬಿಚ್ಚಿ ಹೇಳಿದ ರೈತನು ಅವನ ಉಪಾಧ್ಯಾಯರಲ್ಲಿ ಒಬ್ಬನು. ಕಾಲೇಜಿನ ಉಪಾಧ್ಯಾಯರಿಗೆ ಸಂಬಳವುಂಟು, ಈತನಿಗೆ ಅದಿಲ್ಲ. ಈತನ ಊರಿನ ಪಾಠಶಾಲೆಯಲ್ಲಿ ಬೇಸಗೆಯನ್ನು ದಾಟಿ ಬದುಕಿದ ಒಂದು ನುಗ್ಗೆಯ ಗಿಡವನ್ನು ಬಿಟ್ಟುಬಂದರೆ, ಆ ಗುರುದಕ್ಷಿಣೆಯಲ್ಲಿ ಒಂದಂಶವಾದರೂ ಸಂದಂತಾಗುವುದು. ವಿಶ್ವವಿದ್ಯಾನಿಲಯಗಳ ಆಡಳಿತವರ್ಗದವರು ಮುಂದಿನ ವರ್ಷದ ಹಳ್ಳಿಗಳ ಪಟ್ಟಿಯನ್ನು ಬರೆಯುವ ಮುನ್ನ, ಹಿಂದಿನ ವರ್ಷ ಹೋಗಿಬಂದ ಹಳ್ಳಿಗಳಿಗೆ ಮೇ ತಿಂಗಳಿನಲ್ಲಿ ಒಮ್ಮೆ ಹೋಗಿ, ಅಲ್ಲಿ ಏನು ಹಸುರಾಗಿ ಉಳಿದಿದೆಯೆಂದು ನೋಡಿಬರುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.