ದುರ್ಬೀನಿನಲ್ಲಿ ಕಂಡ ಜಿಂಕೆ



ಚಳಿಗಾಲ ಬಂತೆಂದರೆ ನಮ್ಮ ಸಾಲ್ಟ್ ಲೇಕಿನ ಮನೆಗಳಲ್ಲಿ ಸುಂದರಬನದ ಪ್ರವಾಸದ ಮಾತು. ಸುಧನ್ಯಖಾಲಿಯ ಕಾವಲು ಗೋಪುರ ಹತ್ತಿದ ಹಲವರು "ಏನೂ ಕಾಣಲಿಲ್ಲ" ಎಂದು ಇಳಿದುಬಿಡುತ್ತಾರೆ. ಎಷ್ಟೋ ಸಲ ಜಿಂಕೆ ಅಲ್ಲಿಯೇ ಇರುತ್ತದೆ, ಕಣ್ಣು ಪಳಗಿರುವುದಿಲ್ಲ ಅಷ್ಟೆ. ಕಣ್ಣು ಪಳಗಿಸುವ ವಿದ್ಯೆ ಹಿಂದೆ ಬೇಟೆಗಾರರದು. ಬಂದೂಕು ಬೇಡ, ಆ ವಿದ್ಯೆಯನ್ನು ನಾವು ಕಲಿಯೋಣ.

ಇಡೀ ಜಿಂಕೆಯನ್ನು ಹುಡುಕಬೇಡಿ, ಅದರ ತುಣುಕನ್ನು ಹುಡುಕಿ. ಮರದ ಕಾಂಡಗಳು ನೆಟ್ಟಗಿರುತ್ತವೆ. ಜಿಂಕೆಯ ಬೆನ್ನು ಅಡ್ಡಗೆರೆ. ಅಲುಗುವ ಕಿವಿ, ಬಾಲದಡಿಯ ಬಿಳುಪು ಇವೂ ಗುರುತುಗಳೇ. ಮೊದಲು ಬರಿಗಣ್ಣಿನಿಂದ ಜಾಗ ಗುರುತಿಸಿ, ಅಲ್ಲಿಂದ ದೃಷ್ಟಿ ಕೀಳದೆ ದುರ್ಬೀನನ್ನು ಕಣ್ಣಿಗೆ ತನ್ನಿ.

ದುರ್ಬೀನಿನ ಮೇಲೆ 8×42 ಎಂದಿದ್ದರೆ, ಮೊದಲನೆಯದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ. ಎರಡನೆಯದು ಮುಂಗಾಜಿನ ಅಗಲ, ಮಿಲಿಮೀಟರಿನಲ್ಲಿ. ಮುಂಜಾವು, ಮುಸ್ಸಂಜೆಯ ಮಬ್ಬಿನಲ್ಲಿ ಅಗಲವಾದ ಗಾಜು ಹೆಚ್ಚು ಬೆಳಕು ಹಿಡಿಯುತ್ತದೆ. 12 ಪಟ್ಟಿನದನ್ನು ಆಸೆಪಟ್ಟು ಕೊಂಡರೆ ನಿಮ್ಮ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ!

ಅಮೆರಿಕದಲ್ಲಿ ಪರವಾನಗಿ ಪಡೆದು ಇಂದಿಗೂ ಜಿಂಕೆ ಬೇಟೆಯಾಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಆದರೂ ಬೇಟೆಗಾರನ ಕಣ್ಣಿಗೆ ಕೆಲಸ ತಪ್ಪಲಿಲ್ಲ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಾಗರಹೊಳೆಯಲ್ಲಿ ಜಿಂಕೆ, ಕಡವೆ, ಕಾಟಿಗಳ ಲೆಕ್ಕ ಹಿಡಿಯಲು ತೊಡಗಿದರು. ನೇರವಾದ ಹಾದಿಯಲ್ಲಿ ನಡೆಯುತ್ತ, ಕಂಡ ಹಿಂಡನ್ನು ಎಣಿಸಿ, ಅದು ಎಷ್ಟು ದೂರದಲ್ಲಿದೆ, ಯಾವ ಕೋನದಲ್ಲಿದೆ ಎಂದು ಅಳೆದು, ಕಾಣದೆ ಉಳಿದವನ್ನೂ ಅಂದಾಜು ಮಾಡುವ ಕ್ರಮ ಅದು.

ಇಷ್ಟೆಲ್ಲ ಏಕೆ ಎನ್ನುತ್ತೀರಾ? ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆಗಳಷ್ಟು ಆಹಾರ ಬೇಕು. ಸಂತತಿ ಕುಗ್ಗದೆ ಅಷ್ಟು ದೊರೆಯಬೇಕಾದರೆ ಕಾಡಿನಲ್ಲಿ ಸುಮಾರು 500 ಇರಬೇಕು. ಕಳ್ಳಬೇಟೆಯವರು ಹುಲಿಯನ್ನು ಮುಟ್ಟದೆ ಜಿಂಕೆಯನ್ನಷ್ಟೇ ಕೊಂದರೂ ಹುಲಿ ಉಳಿಯದು. ಎಣಿಸದಿದ್ದರೆ ಜಿಂಕೆ ಕರಗುತ್ತಿರುವುದು ಗೊತ್ತಾಗುವುದೇ ಇಲ್ಲ. ಸುಂದರಬನದಲ್ಲೂ ಇದೇ ಮಾತು. ಅಲ್ಲಿನ ಹುಲಿಗೂ ಚುಕ್ಕೆ ಜಿಂಕೆಯೇ ಮುಖ್ಯ ಆಹಾರ.

ಆದ್ದರಿಂದ ಮಕ್ಕಳೇ, ಈ ಭಾನುವಾರ ನಮ್ಮ ಬನಬಿತಾನ್ ಕೆರೆಯ ಬಳಿ ಹಕ್ಕಿಗಳನ್ನು ನೋಡಿ ಕೈ ಪಳಗಿಸಿಕೊಳ್ಳಿ. ಆಮೇಲೆ ಗೋಪುರ ಹತ್ತಿ. ಎಷ್ಟು ಕಂಡಿರಿ, ಯಾವ ಹೊತ್ತು ಎಂದು ಪುಸ್ತಕದಲ್ಲಿ ಬರೆದಿಡಿ, ಕನ್ನಡದಲ್ಲೇ ಬರೆಯಿರಿ. ನಿಮ್ಮ ಬಂಗಾಳಿ ಗೆಳೆಯರ ‘ಹೊರಿಣ್’ ನಮ್ಮ ‘ಹರಿಣ’ವೇ, ಅವರಿಗೆ ‘ಜಿಂಕೆ’ ಎನ್ನುವುದನ್ನೂ ಕಲಿಸಿ. ನೀವು ಬರೆದದ್ದನ್ನು ನನಗೂ ತೋರಿಸುತ್ತೀರಲ್ಲ?