ತುತ್ತು ಗಂಟಲಲ್ಲೇ ನಿಂತರೆ...

ಘಟಪ್ರಭಾ ನದಿಯ ಅಣೆಕಟ್ಟಿನ ಊರಾದ ಧುಪದಾಳದಲ್ಲಿ ನಮಗೆ ಪರಿಚಯದ ಒಬ್ಬ ಖಾಲಾ ಇದ್ದಾರೆ. ವಯಸ್ಸು ಐವತ್ತರ ಆಸುಪಾಸು. ಮನೆಯವರೆಲ್ಲರ ಊಟವಾದ ಮೇಲೆ ಒಬ್ಬರೇ ಕುಳಿತು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ತುತ್ತಿಗೊಂದು ಗುಟುಕು ನೀರು ಕುಡಿದು ನುಂಗುತ್ತಿದ್ದರು. ಎರಡು ವರ್ಷ ಅದು ಯಾರ ಗಮನಕ್ಕೂ ಬರಲಿಲ್ಲ. ಒಂದು ದಿನ ಸೊಸೆ ಕೇಳಿದಾಗ, "ವಯಸ್ಸಾಯಿತಲ್ಲ ಬೇಟಿ" ಎಂದು ನಕ್ಕುಬಿಟ್ಟರು. ಸೊಸೆ ಬಿಡಲಿಲ್ಲ, ವೈದ್ಯರ ಬಳಿಗೆ ಕರೆದುಕೊಂಡು ಹೋದಳು.

ವೈದ್ಯರು ಬೇರಿಯಂ ಸ್ವಾಲೋ ಪರೀಕ್ಷೆ ಬರೆದುಕೊಟ್ಟರು. ಅನ್ನನಾಳ ಸಾಮಾನ್ಯ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಬೇರಿಯಂ ಸಲ್ಫೇಟ್ ಎಂಬ ಬಿಳಿ ಖನಿಜದ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರೆ, ಅದು ಇಳಿಯುವ ದಾರಿ ಪರದೆಯ ಮೇಲೆ ಕಾಣುತ್ತದೆ. ಎಲ್ಲಿ ಕಿರಿದಾಗಿದೆ, ಎಲ್ಲಿ ತಡೆ ಇದೆ ಎಂಬುದು ಆಗ ಗೊತ್ತಾಗುತ್ತದೆ. ಬೇರಿಯಂ ರಕ್ತಕ್ಕೆ ಸೇರದೆ ಮಲದೊಂದಿಗೆ ಹೊರಹೋಗುತ್ತದೆ. ಒಂದೆರಡು ದಿನ ಮಲ ಬೆಳ್ಳಗಿದ್ದರೆ ಹೆದರಬೇಡಿ, ನೀರು ಹೆಚ್ಚು ಕುಡಿಯಿರಿ.

ಪರೀಕ್ಷೆ ಮುಗಿದೊಡನೆ ಸೊಸೆ ಟೆಕ್ನಿಶಿಯನ್‌ರನ್ನು, "ಏನು ಕಂಡಿತು?" ಎಂದು ಕೇಳಿದಳು. "ರಿಪೋರ್ಟ್ ಡಾಕ್ಟರ್ ಬರೆಯುತ್ತಾರೆ" ಎಂದಷ್ಟೇ ಉತ್ತರ ಬಂತು. ಏನನ್ನೋ ಮುಚ್ಚಿಡುತ್ತಿದ್ದಾರೆಂದು ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಿಜವೆಂದರೆ, ನಮ್ಮಲ್ಲಿ ಚಿತ್ರ ನೋಡಿ ವರದಿ ಬರೆಯುವ ಹೊಣೆ ರೇಡಿಯಾಲಜಿ ವೈದ್ಯರದು. ಬ್ರಿಟನ್ನಿನಲ್ಲಿ ವಿಶೇಷ ತರಬೇತಿ ಪಡೆದ ರೇಡಿಯೋಗ್ರಾಫರುಗಳೇ ಈ ಪರೀಕ್ಷೆ ಮಾಡಿ ವರದಿ ಬರೆಯುವ ಪದ್ಧತಿಯೂ ಇದೆ.

ವರದಿ ಯಾರೇ ಬರೆಯಲಿ, ನೀವು ಹೇಳುವ ಮಾತು ಅವರಿಗೆ ಬೇಕು. ಸಿಕ್ಕಿಕೊಳ್ಳುವುದು ರೊಟ್ಟಿಯೋ, ನೀರೂ ಸಹವೋ? ಗಂಟಲಲ್ಲೋ, ಎದೆಯಲ್ಲೋ? ನುಂಗುವಾಗ ಕೆಮ್ಮು ಬರುತ್ತದೆಯೇ? ನಾಚದೆ ಹೇಳಿ. ಗರ್ಭಿಣಿಯಾಗಿದ್ದರೆ, ಮುಟ್ಟು ತಪ್ಪಿದ್ದರೂ, ಮೊದಲೇ ತಿಳಿಸಿ. ಸಾಮಾನ್ಯವಾಗಿ ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕಾಗುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರೆಯ ಬಗ್ಗೆ ಕೇಳಿಕೊಳ್ಳಲಿ. ಕರಿಮಣಿ, ದುಪಟ್ಟಾದ ಪಿನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ. ಮಹಿಳಾ ಸಿಬ್ಬಂದಿ ಬೇಕಿದ್ದರೆ ದಿನ ಗೊತ್ತುಮಾಡುವಾಗಲೇ ಕೇಳಿ.

ಖಾಲಾರ ವರದಿಯಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳುವಾದ ಪೊರೆಯೊಂದು ಅಡ್ಡ ಬೆಳೆದಿರುವುದು ತಿಳಿಯಿತು. ಬಹುಕಾಲದ ಕಬ್ಬಿಣದ ಕೊರತೆಯ ಜೊತೆ, ಹೆಚ್ಚಾಗಿ ಮಧ್ಯವಯಸ್ಸಿನ ಹೆಂಗಸರಲ್ಲಿ, ಇದು ಕಾಣಿಸಿಕೊಳ್ಳುತ್ತದೆ. ಎಂಡೋಸ್ಕೋಪಿ ಮೂಲಕ ಪೊರೆಯನ್ನು ಹಿಗ್ಗಿಸಿ, ಕಬ್ಬಿಣದ ಮಾತ್ರೆ ಕೊಟ್ಟರು. ಈಗ ಅವರು ಎಲ್ಲರೊಡನೆ ಕುಳಿತು ರೊಟ್ಟಿ ತಿನ್ನುತ್ತಾರೆ. ಆದರೆ ಈ ತೊಂದರೆ ಇದ್ದವರಿಗೆ ಗಂಟಲು, ಅನ್ನನಾಳದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಹಾಗಾಗಿ ತಪಾಸಣೆ ನಿಲ್ಲಿಸುವಂತಿಲ್ಲ.

ಎಲ್ಲರ ಅದೃಷ್ಟವೂ ಹೀಗಿರುವುದಿಲ್ಲ. ಮೊದಲು ರೊಟ್ಟಿ, ಆಮೇಲೆ ಅನ್ನ, ಕೊನೆಗೆ ನೀರೂ ಇಳಿಯದಂತಾಗುವುದು ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು. ತೂಕ ಇಳಿಯುತ್ತಿದ್ದರೆ, ಎಲೆ-ಅಡಿಕೆ-ತಂಬಾಕಿನ ಅಭ್ಯಾಸವಿದ್ದರೆ ಒಂದು ವಾರವೂ ತಡಮಾಡಬೇಡಿ. ಬೇರಿಯಂ ಚಿತ್ರದಲ್ಲಿ ಅನುಮಾನ ಬಂದರೆ, ಎಂಡೋಸ್ಕೋಪಿ ಮಾಡಿ ತುಣುಕು ತೆಗೆದು ಪರೀಕ್ಷಿಸಲೇಬೇಕಾಗುತ್ತದೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರು? ಇಂದು ರಾತ್ರಿ ಅವರ ಪಕ್ಕದಲ್ಲಿ ಕುಳಿತು ನೋಡಿ, ತುತ್ತು ಸಲೀಸಾಗಿ ಇಳಿಯುತ್ತಿದೆಯೇ ಎಂದು.